ಪರದೇಶದ ತಂಡಗಳಿಗೆ ಗುರುವಾದ ರೆನಾರ್

ಸ್ವದೇಶದಲ್ಲಿ ದೊಡ್ಡ ಆಟಗಾರನೆನಿಸದವನು ಪರದೇಶದಲ್ಲಿ ಗುರುವಾಗಿ ಮೆರೆಯಬಲ್ಲನೆ? ಫ್ರಾನ್ಸಿನ ಕಾಲ್ಚೆಂಡಿನ ಶಿಕ್ಷಕ ಎರ್ವೆ ರೆನಾರನ ಬಾಳೇ ಇದಕ್ಕೆ ಉತ್ತರ. ಆಟ ಬಿಟ್ಟ ಮೇಲೆ ಈತನು ಕಟ್ಟಡಗಳನ್ನು ಶುಚಿಗೊಳಿಸುವ ಉದ್ಯಮ ನಡೆಸಿದವನು. ಕ್ಲೋದ್ ಲ ರುವಾ ಎಂಬ ಹಿರಿಯನ ಸಹಾಯಕನಾಗಿ ಘಾನಾಕ್ಕೆ ಹೋದನು; 2008ರಲ್ಲಿ ಜಾಂಬಿಯದ ತಂಡ ಇವನ ಕೈಗೆ ಬಂದಿತು.

ಜಾಂಬಿಯದ ಕಥೆಯನ್ನು ತುಸು ವಿಸ್ತರಿಸಿಯೇ ಹೇಳಬೇಕು. 1993ರ ಏಪ್ರಿಲಿನಲ್ಲಿ ಆ ದೇಶದ ತಂಡವಿದ್ದ ವಿಮಾನವು ಗಬಾನಿನ ಲಿಬ್ರವಿಲ್ ನಗರದ ಬಳಿ ಕಡಲಿಗೆ ಬಿದ್ದು, 18 ಆಟಗಾರರೂ ಸೇರಿ 30 ಮಂದಿ ಮಡಿದಿದ್ದರು. 2012ರ ಆಫ್ರಿಕ ಕಪ್ಪಿನ ಅಂತಿಮ ಪಂದ್ಯ ಅದೇ ಊರಿನಲ್ಲಿ ಒದಗಿತು. ಆಟಗಾರರು ಮೊದಲು ಕಡಲ ದಂಡೆಗೆ ಹೋಗಿ ಹೂವರ್ಪಿಸಿದರು. ಎದುರಿಗೆ ದ್ರೋಗ್ಬಾನಂಥ ಜಗದ್ವಿಖ್ಯಾತರಿದ್ದ ಐವರಿ ಕೋಸ್ಟ್! 120 ನಿಮಿಷ ಒಂದೂ ಗೋಲಿಲ್ಲ. ಪೆನಾಲ್ಟಿ ಒದೆತಗಳಲ್ಲಿ ಜಾಂಬಿಯ 8–7ರಿಂದ ಗೆದ್ದಿತು. ಪಂದ್ಯದ ಆರಂಭದಲ್ಲೇ ಗಾಯಗೊಂಡು ಕಣ್ಣೀರಿಟ್ಟು ಹೊರಬಂದಿದ್ದ ಮುಸೊಂಡನನ್ನು ರೆನಾರನು ತಾನೇ ಎತ್ತಿಕೊಂಡು ಹೋಗಿ ಗೆಳೆಯರ ನಡುವೆ ಸೇರಿಸಿದನು. ಅವನ ವ್ಯೂಹಗಳಿಗಿಂತ ಇದೇ ನನಗೆ ದೊಡ್ಡದಾಗಿ ತೋರುತ್ತದೆ.

2015ರಲ್ಲಿ, ಅಂದು ಸೋತ ಐವರಿ ಕೋಸ್ಟಿಗೇ ಶಿಕ್ಷಕನಾಗಿ ಆ ಕಪ್ಪನ್ನು ಗೆಲ್ಲಿಸಿದನು. ಎರಡು ದೇಶಗಳಿಗೆ ಅದನ್ನು ತಂದುಕೊಟ್ಟ ಮೊದಲಿಗ ಈತನೇ. 20 ವರ್ಷ ಹೊರಗುಳಿದಿದ್ದ ಮೊರಾಕೊವನ್ನು 2018ರ ವಿಶ್ವಕಪ್ಪಿಗೆ ಕರೆದೊಯ್ದನು. 2022ರ ನವೆಂಬರಿನಲ್ಲಿ ಕತಾರಿನಲ್ಲಿ ಇವನ ಸೌದಿ ಅರೇಬಿಯ ತಂಡವು ಒಂದು ಗೋಲು ಹಿಂದಿತ್ತು. ಮೆಸ್ಸಿಯನ್ನು ನೋಡುತ್ತ ನಿಂತವರನ್ನು ವಿರಾಮದಲ್ಲಿ ಚೆನ್ನಾಗಿ ಗದರಿಸಿದನು. ಆಮೇಲೆ ಅರ್ಜೆಂಟೀನ 2–1ರಿಂದ ಸೋತಿತು! ಆದರೆ ಕಡೆಗೆ ಕಪ್ಪು ಗೆದ್ದದ್ದೂ ಅರ್ಜೆಂಟೀನವೇ. ಸೌದಿಯವರು ಮುಂದಿನ ಎರಡು ಪಂದ್ಯ ಸೋತು ಮೊದಲ ಸುತ್ತಿನಲ್ಲೇ ಹಿಂದಿರುಗಿದರು.