ಸಣ್ಣ ಹೈಸ್ಕೂಲ್ ರಿಸಲ್ಟ್: ಬರೀ ಪರ್ಸೆಂಟೇಜ್ ನೋಡಿದ್ರೆ ಸಾಲದು

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು ಅಂದ್ರೆ ಅಂಗಡಿ ಕಟ್ಟೆ ಮೇಲೆ ಊರಿನ ಸರ್ಕಾರಿ ಹೈಸ್ಕೂಲಿನ ಪರ್ಸೆಂಟೇಜ್ ಲೆಕ್ಕ ಶುರು. 12 ಮಕ್ಕಳ ಶಾಲೆಯಲ್ಲಿ 3 ಮಕ್ಕಳು ಫೇಲಾದರೆ ಫಲಿತಾಂಶ ಶೇ 75. 120 ಮಕ್ಕಳ ಶಾಲೆಯಲ್ಲಿ ಅದೇ ಮೂವರು ಫೇಲಾದರೂ ಶೇ 97.5. ಇಷ್ಟಕ್ಕೇ ‘ಮೇಷ್ಟ್ರು ಸರಿಯಿಲ್ಲ’ ಅಂತ ಟಿ.ಸಿ. ಕಿತ್ಕೊಂಡು ಹೋದ್ರೆ ಮಕ್ಕಳೂ ಕಮ್ಮಿ, ಆಮೇಲೆ ಶಿಕ್ಷಕರ ಹುದ್ದೆಗೂ ಕುತ್ತು.

ಇಂಥ ಎಷ್ಟೋ ಶಾಲೆಗಳಲ್ಲಿ ಮುಖ್ಯ ಶಿಕ್ಷಕರು ಪ್ರಭಾರ. ಪಾಠ, ಬಿಸಿಯೂಟದ ಲೆಕ್ಕ, ಬಿಇಒ ಆಫೀಸಿನ ಮೀಟಿಂಗ್ ಎಲ್ಲಾ ಒಬ್ಬರ ತಲೆ ಮೇಲೆ. ಆದರೂ ಯಾವ ಮಗು ಯಾವ ಲೆಕ್ಕದಲ್ಲಿ ಎಡವುತ್ತೆ ಅಂತ ಹೆಸರು ಹಿಡಿದು ಹೇಳೋಕಾಗೋದು ಸಣ್ಣ ಶಾಲೆಯಲ್ಲೇ. ಫೇಲಾದ ಮೂವರು ಪರೀಕ್ಷೆ-2ಕ್ಕೆ ಅರ್ಜಿ ಹಾಕಿದ್ರಾ, ಅವರಿಗೆ ಪಾಠ ಯಾರು ಹೇಳ್ತಿದ್ದಾರೆ? ಎಸ್‌ಡಿಎಂಸಿ ಸಭೆಯಲ್ಲಿ ಮೊದಲು ಇದನ್ನ ಕೇಳಿ.