ಸನ್ನದು ಶಾಲೆಗಳೂ ಲೆಕ್ಕ ಕೇಳುವ ಹಕ್ಕೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ‘ಚಾರ್ಟರ್ ಶಾಲೆ’ ಎಂಬ ಒಂದು ಬಗೆಯ ವಿದ್ಯಾಸಂಸ್ಥೆಗಳಿವೆ. ಚಾರ್ಟರ್ ಎಂದರೆ ಸನ್ನದು. ಇಲ್ಲಿ ಹಣ ಸರಕಾರದ್ದು, ಆಡಳಿತ ಖಾಸಗಿ ಮಂಡಳಿಯದು. ಮಕ್ಕಳಿಂದ ಶುಲ್ಕ ಪಡೆಯುವಂತಿಲ್ಲ. ನಗರದ ಶಿಕ್ಷಣ ಮಂಡಳಿಯೋ ವಿಶ್ವವಿದ್ಯಾನಿಲಯವೋ ರಾಜ್ಯದ ಆಯೋಗವೋ ನಿಯತ ಅವಧಿಗೆ ಸನ್ನದನ್ನು ಕೊಡುತ್ತದೆ. ಅವಧಿ ಮುಗಿದಾಗ ಫಲಿತಾಂಶವನ್ನು ನೋಡಿ ಮುಂದುವರಿಸುತ್ತದೆ, ಇಲ್ಲವೆ ಹಿಂದಕ್ಕೆ ಪಡೆಯುತ್ತದೆ. ಮುಂಬಯಿ, ದೆಹಲಿಗಳಂಥ ನಗರಗಳಲ್ಲಿ ಸಂಘ ಕಟ್ಟಿ, ಸರಕಾರದ ಅನುದಾನ ಪಡೆದು ಶಾಲೆ ನಡೆಸಿದ ಕನ್ನಡಿಗರಿಗೆ ಈ ಏರ್ಪಾಡು ತೀರ ಅಪರಿಚಿತವೆನಿಸದು. ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ನಮ್ಮಲ್ಲಿ ಅನುದಾನದ ಬೆನ್ನಿಗೇ ನೇಮಕ, ವೇತನಶ್ರೇಣಿಗಳ ನಿಯಮಗಳೂ ಬರುತ್ತವೆ. ಚಾರ್ಟರ್ ಶಾಲೆಗೆ ಅಂಥ ಅನೇಕ ನಿಯಮಗಳಿಂದ ಬಿಡುಗಡೆಯುಂಟು. ಸ್ವಾತಂತ್ರ್ಯವನ್ನು ಕೊಟ್ಟು ಹೊಣೆಗಾರಿಕೆಯನ್ನು ಪಡೆಯುವುದೇ ಸನ್ನದಿನ ಮೂಲತತ್ತ್ವ. ಆ ಹೊಣೆ ಯಾರಿಗೆ ಸಲ್ಲಬೇಕು ಎಂಬುದೇ ಇಂದಿನ ವಿವಾದದ ತಿರುಳು.

ಈ ವಿಚಾರ ಮೊಳೆತದ್ದು ಉಪಾಧ್ಯಾಯರ ಹಿತವನ್ನು ಬಯಸಿದವರಿಂದಲೇ. ರೇ ಬಡ್ ಎಂಬ ಶಿಕ್ಷಣತಜ್ಞರು ಪ್ರತಿಪಾದಿಸಿದ ಕಲ್ಪನೆಯನ್ನು 1988ರಲ್ಲಿ ಉಪಾಧ್ಯಾಯರ ಒಕ್ಕೂಟದ ಅಧ್ಯಕ್ಷರಾಗಿದ್ದ ಆಲ್ಬರ್ಟ್ ಶ್ಯಾಂಕರ್ ಎತ್ತಿಹಿಡಿದರು. ಉತ್ಸಾಹಿ ಉಪಾಧ್ಯಾಯರ ತಂಡಗಳು ಹೊಸ ಬೋಧನಕ್ರಮಗಳನ್ನು ಪ್ರಯೋಗಿಸಿ ನೋಡಲಿ ಎಂಬುದು ಅವರ ಆಶಯ. 1991ರಲ್ಲಿ ಮಿನೆಸೋಟ ರಾಜ್ಯ ಮೊದಲ ಶಾಸನವನ್ನು ಮಾಡಿತು. ಆಡಳಿತ ಮಂಡಳಿಯಲ್ಲಿ ಉಪಾಧ್ಯಾಯರೇ ಬಹುಸಂಖ್ಯಾತರಾಗಿರಬೇಕೆಂದು ಅದು ವಿಧಿಸಿತ್ತು. 1992ರಲ್ಲಿ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು. 2021–22ರ ವೇಳೆಗೆ ಸುಮಾರು 7,800 ಶಾಲೆಗಳಲ್ಲಿ 37 ಲಕ್ಷದಷ್ಟು ಮಕ್ಕಳು ಓದುತ್ತಿದ್ದರು. ಆದರೆ ಬೆಳವಣಿಗೆಯೊಡನೆ ಸ್ವರೂಪವೂ ಬದಲಾಯಿತು. ಒಂದೇ ಆಡಳಿತದಡಿ ಹಲವು ಶಾಲೆಗಳನ್ನು ನಡೆಸುವ ಸಂಸ್ಥೆಗಳು ತಲೆಯೆತ್ತಿದವು. ಉಪಾಧ್ಯಾಯರಿಗಾಗಿ ಕಲ್ಪಿಸಿದ ಸ್ವಾತಂತ್ರ್ಯ ಬಹುಮಟ್ಟಿಗೆ ವ್ಯವಸ್ಥಾಪಕರ ಕೈಸೇರಿತು. ಕೆಲವೇ ವರ್ಷಗಳಲ್ಲಿ ಶ್ಯಾಂಕರ್ ಅವರೇ ಇದರ ಟೀಕಾಕಾರರಾದರು.

ಸಾಮಾನ್ಯ ಸರಕಾರಿ ಶಾಲೆಗಳನ್ನು ಆಳುವ ಮಂಡಳಿಗಳು ಆ ದೇಶದಲ್ಲಿ ಬಹುಪಾಲು ಚುನಾಯಿತವಾದವು. ಒಪ್ಪದ ಸದಸ್ಯರನ್ನು ಮತದಾರರು ಕೆಳಗಿಳಿಸಬಲ್ಲರು. ಚಾರ್ಟರ್ ಶಾಲೆಗಳ ಮಂಡಳಿಗಳಲ್ಲಿ ಸಾಮಾನ್ಯವಾಗಿ ಇರುವ ಸದಸ್ಯರೇ ಮುಂದಿನವರನ್ನು ಆರಿಸಿಕೊಳ್ಳುತ್ತಾರೆ. ಪರೀಕ್ಷಾಫಲ, ಲೆಕ್ಕಪತ್ರಗಳು ಮೇಲಕ್ಕೆ, ಸನ್ನದು ಕೊಟ್ಟವರ ಬಳಿಗೆ ಹೋಗುತ್ತವೆ. ಕೆಳಗಿರುವ ಪೋಷಕರಿಗೆ ದೊರೆಯುವ ಉತ್ತರ ಒಂದೇ: ಸರಿಬೀಳದಿದ್ದರೆ ಮಗುವನ್ನು ಬೇರೆಡೆಗೆ ಕರೆದೊಯ್ಯಿರಿ. ಮಗುವಿನ ಬೆನ್ನಿಗೇ ಸರಕಾರದ ಹಣವೂ ಹೋಗುವುದರಿಂದ ಶಾಲೆ ಎಚ್ಚರಗೊಳ್ಳುವುದೆಂಬುದು ಇದರ ಹಿಂದಿನ ತರ್ಕ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರ ತಮ್ಮ ಗ್ರಂಥದಲ್ಲಿ, ಕೆಡುತ್ತಿರುವ ಸಂಸ್ಥೆಯ ಮುಂದೆ ಜನರಿಗಿರುವ ದಾರಿಗಳು ಎರಡೆಂದರು: ಹೊರನಡೆಯುವುದು, ಇಲ್ಲವೆ ದನಿಯೆತ್ತುವುದು. ಹೊರನಡೆದವನು ಕಾರಣ ಹೇಳಿ ಹೋಗುವುದಿಲ್ಲ. ಅವನು ಹೋದಮೇಲೆ ಉಳಿದವರ ದನಿಯೂ ಕುಗ್ಗುತ್ತದೆ. ಉಪಾಧ್ಯಾಯನಿಗಂತೂ ಹೊರನಡೆಯುವುದೆಂದರೆ ಅನ್ನಕ್ಕೆ ಸಂಚಕಾರ.

ಶಿಕಾಗೊ ನಗರದ ಒಂದು ಶಾಲಾಸಮೂಹದ ಚರಿತ್ರೆ ಇದನ್ನು ವಿಶದಪಡಿಸುತ್ತದೆ. ಲ್ಯಾಟಿನ್ ಅಮೆರಿಕ ಮೂಲದ ನಿವಾಸಿಗಳ ‘ಯುನೈಟೆಡ್ ನೈಬರ್‌ಹುಡ್ ಆರ್ಗನೈಸೇಷನ್’ ನಡೆಸುತ್ತಿದ್ದ ಶಾಲೆಗಳ ಕಟ್ಟಡಗಳಿಗೆಂದು ಇಲಿನಾಯ್ ರಾಜ್ಯ 2009ರಲ್ಲಿ 9 ಕೋಟಿ 80 ಲಕ್ಷ ಡಾಲರುಗಳನ್ನು ಮಂಜೂರು ಮಾಡಿತು. ಕಟ್ಟಡದ ಗುತ್ತಿಗೆಗಳು ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರ ಸಹೋದರರಿಗೆ ಸಂದಿದ್ದನ್ನು 2013ರಲ್ಲಿ ಪತ್ರಿಕೆ ಬಯಲಿಗೆಳೆಯಿತು. ಆ ವರ್ಷಾಂತ್ಯಕ್ಕೆ ಮುಖ್ಯಾಧಿಕಾರಿ ರಾಜೀನಾಮೆಯಿತ್ತರು. ಷೇರು, ಸಾಲಪತ್ರಗಳ ಪೇಟೆಯನ್ನು ಕಾಯುವ ಕೇಂದ್ರ ಆಯೋಗ 2014ರಲ್ಲಿ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿತು. 3 ಕೋಟಿ 75 ಲಕ್ಷ ಡಾಲರುಗಳ ಸಾಲಪತ್ರಗಳನ್ನು ಕೊಂಡವರಿಂದ ಈ ನಂಟಸ್ತಿಕೆಯನ್ನು ಮರೆಮಾಚಲಾಯಿತೆಂಬುದು ಆಪಾದನೆ. ಆಪಾದನೆಯನ್ನು ಒಪ್ಪದೆ, ಅಲ್ಲಗಳೆಯದೆ ಸಂಸ್ಥೆ ರಾಜಿಗೆ ಬಂತು. ಹಣ ಕೊಟ್ಟವರ ಪರವಾಗಿ ಕೇಳಲು ಒಂದು ಆಯೋಗವಿತ್ತು. ಮಕ್ಕಳನ್ನು ಕೊಟ್ಟವರ ಪರವಾಗಿ ಕೇಳಲು ಅಂಥ ಕಾವಲಿರಲಿಲ್ಲ.

ಉಪಾಧ್ಯಾಯರು 2013ರಲ್ಲಿಯೇ ಸಂಘ ಕಟ್ಟಿಕೊಂಡರು. ಆಸೆರೊ ಎಂಬ ಹೊಸ ಹೆಸರು ತಳೆದಿದ್ದ ಈ ಸಮೂಹದ 15 ಶಾಲೆಗಳಲ್ಲಿ 2018ರ ಡಿಸೆಂಬರ್ 4ರಂದು ಸುಮಾರು 500 ಮಂದಿ ಮುಷ್ಕರ ಹೂಡಿದರು. ಚಾರ್ಟರ್ ಶಾಲೆಗಳ ಇತಿಹಾಸದಲ್ಲಿಯೇ ಅದು ಮೊದಲನೆಯದು. ತರಗತಿಗಳ ಕಿಕ್ಕಿರಿತ, ನಗರದ ಇತರ ಉಪಾಧ್ಯಾಯರಿಗಿಂತ ಕಡಿಮೆಯಾದ ವೇತನ ಇವು ಮುಖ್ಯ ದೂರುಗಳು. ಹದಿನೈದು ಶಾಲೆಗಳ ಮುಖ್ಯಾಧಿಕಾರಿಗೆ, ಇಡೀ ನಗರದ 500ಕ್ಕೂ ಮಿಕ್ಕ ಶಾಲೆಗಳನ್ನು ನೋಡಿಕೊಳ್ಳುವವರಿಗೆ ಸರಿಸಮನಾದ ಸಂಬಳವೇಕೆಂಬ ಪ್ರಶ್ನೆಯನ್ನೂ ಸಂಘ ಎತ್ತಿತು. ಒಂದು ವಾರದೊಳಗೆ ಒಪ್ಪಂದವಾಯಿತು. ಆದರೆ 2024ರ ಅಕ್ಟೋಬರಿನಲ್ಲಿ, ಹಣದ ಕೊರತೆಯನ್ನೂ ಮಕ್ಕಳ ಸಂಖ್ಯೆಯ ಇಳಿಕೆಯನ್ನೂ ಮುಂದಿಟ್ಟು, 7 ಶಾಲೆಗಳನ್ನು ಮುಚ್ಚುವುದಾಗಿ ಆಡಳಿತ ಸಾರಿತು. ತಮ್ಮನ್ನು ಒಂದು ಮಾತೂ ಕೇಳಲಿಲ್ಲವೆಂದು ಪೋಷಕರು ಉಪಾಧ್ಯಾಯರೊಡಗೂಡಿ ನಗರದ ಶಿಕ್ಷಣ ಮಂಡಳಿಯ ಮೊರೆಹೊಕ್ಕರು. ಐದು ಶಾಲೆಗಳನ್ನು ಉಳಿಸಿ ತನ್ನ ಆಡಳಿತಕ್ಕೆ ತೆಗೆದುಕೊಳ್ಳಲು ಮಂಡಳಿ 2025ರ ಫೆಬ್ರವರಿಯಲ್ಲಿ ನಿರ್ಧರಿಸಿತು, ಮಿಕ್ಕೆರಡನ್ನು ಉಳಿಸಲಾಗಲಿಲ್ಲ.

ಪತ್ರಿಕೆ, ಆಯೋಗ, ಉಪಾಧ್ಯಾಯರ ಸಂಘ, ನಗರ ಮಂಡಳಿ: ಪ್ರತಿಸಲವೂ ಉತ್ತರವನ್ನು ಹೊರಡಿಸಿದ್ದು ಶಾಲೆಯ ಹೊರಗಿನ ಶಕ್ತಿ. ಒಳಗಿದ್ದವರಿಗೆ ಉತ್ತರ ಪಡೆಯುವ ದಾರಿಯನ್ನು ಸನ್ನದು ತೆರೆದಿರಲಿಲ್ಲ.

ಈ ಕೊರತೆಯನ್ನು ತುಂಬಲು ಕೆಲವು ರಾಜ್ಯಗಳು ಯತ್ನಿಸಿವೆ. ಉಪಾಧ್ಯಾಯರ ಬಹುಮತದ ವಿಧಿ ಮಿನೆಸೋಟದಲ್ಲಿ ಈಗ ಉಳಿದಿಲ್ಲವಾದರೂ, ಒಬ್ಬ ಉಪಾಧ್ಯಾಯ, ಒಬ್ಬ ಪೋಷಕ ಮಂಡಳಿಯಲ್ಲಿರಲೇಬೇಕು. ಮಂಡಳಿಯ ಸಭೆ ಬಹಿರಂಗವಾಗಿ ನಡೆಯಬೇಕು, ಕಾಗದಪತ್ರಗಳು ಕೇಳಿದವರಿಗೆ ದೊರೆಯಬೇಕು, ಸ್ವಹಿತವುಳ್ಳ ಗುತ್ತಿಗೆ ಸಲ್ಲದು ಎಂದು ಕ್ಯಾಲಿಫೋರ್ನಿಯ 2019ರಲ್ಲಿ ಶಾಸನ ಮಾಡಿತು. ಹಾಗಿದ್ದೂ ಈ ಶಾಲೆಗಳ ಇಬ್ಬಗೆಯ ಸ್ವರೂಪ ಅಳಿದಿಲ್ಲ. ಹಣ ಪಡೆಯುವಾಗ ಸಾರ್ವಜನಿಕವಾದ ಇಂಥ ಶಾಲೆಗಳನ್ನು, ಸಿಬ್ಬಂದಿಯ ವ್ಯಾಜ್ಯ ಬಂದಾಗ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ 2016ರ ಎರಡು ತೀರ್ಪುಗಳಲ್ಲಿ ಖಾಸಗಿ ಮಾಲಿಕರೆಂದೇ ಪರಿಗಣಿಸಿತು.

ಚಾರ್ಟರ್ ಶಾಲೆಗಳೆಲ್ಲ ಕೆಟ್ಟವೆಂದು ಇದರಿಂದ ತಿಳಿಯಲಾಗದು. ಅವುಗಳ ಮಕ್ಕಳು ಸರಾಸರಿಯಲ್ಲಿ ಓದಿನಲ್ಲೂ ಗಣಿತದಲ್ಲೂ ತುಸು ಮುಂದಿರುವರೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ 2023ರ ಅಧ್ಯಯನ ಕಂಡುಕೊಂಡಿದೆ. ಆದರೆ ಒಳ್ಳೆಯ ಫಲಿತಾಂಶ ಲೆಕ್ಕಪತ್ರಕ್ಕೆ ಬದಲಿಯಾಗದು. ಭಾರತದಲ್ಲಿ 2009ರ ಶಿಕ್ಷಣದ ಹಕ್ಕಿನ ಕಾಯಿದೆ ಸರಕಾರಿ ಶಾಲೆಗಳ ನಿರ್ವಹಣ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕೆಂದು ವಿಧಿಸಿದೆ. ಆ ಸ್ಥಾನಗಳು ಎಷ್ಟರಮಟ್ಟಿಗೆ ದನಿಯಾಗುತ್ತವೆ ಎಂಬುದು ಕುಳಿತವರನ್ನೂ ಕೂರಿಸಿದವರನ್ನೂ ಅವಲಂಬಿಸಿದ ಮಾತು. ನಂಬಿಕೆಯ ಮೇಲೆ ಕಟ್ಟಿದ ಸಂಘದ ಶಾಲೆಯಲ್ಲಿ ಲೆಕ್ಕ ಕೇಳುವವನು ದ್ರೋಹಿಯಂತೆ ಕಾಣುವುದುಂಟು. ವಸ್ತುತಃ ಶಾಲೆಯನ್ನು ಬಿಟ್ಟುಹೋಗಲು ಮನಸ್ಸಿಲ್ಲದವನು ಮಾತ್ರವೇ ನಿಂತು ಲೆಕ್ಕ ಕೇಳುತ್ತಾನೆ.