ಕೆಂಚ ಕೂರುವ ಹೊತ್ತು

ನಾಯಿಮರಿಗೆ ಕೂರುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬೆಳಗಿನಿಂದ ಸಂಜೆಯೊಳಗೆ ಅದು ಎಷ್ಟೋ ಸಲ ತಾನಾಗಿ ಕೂರುತ್ತದೆ. ಯಾವಾಗ ಕೂರುತ್ತದೆ, ಕೂರುವ ಮುಂಚೆ ಮೈಯಲ್ಲಿ ಏನೇನು ಕದಲುತ್ತದೆ ಎಂದು ನೋಡುವುದು ಕಲಿಸುವವರ ಮೊದಲ ಕೆಲಸ. ಕೆಂಚ ತೀರ್ಥಹಳ್ಳಿ ಕಡೆಯ ನಾಟಿ ಮರಿ, ನಾಲ್ಕು ತಿಂಗಳಿನವನು. ಅಡುಗೆಮನೆ ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ ಮುಖ ನೋಡಲು ಕತ್ತೆತ್ತುತ್ತಾನೆ. ಮೂತಿ ಮೇಲಾದಂತೆ ಭಾರ ಮುಂಗಾಲುಗಳಿಂದ ಹಿಂದಕ್ಕೆ ಸರಿಯುತ್ತದೆ. ಹಿಂಗಾಲು ಒಂದು ಗಳಿಗೆ ತಡವರಿಸಿ ಮಡಚಿಕೊಳ್ಳುತ್ತವೆ. ಕುಂಡೆ ನೆಲ ಮುಟ್ಟುವ ಮೊದಲು ಬಾಲ ಎಡಕ್ಕೆ ಸರಿದು ಜಾಗ ಬಿಡುತ್ತದೆ. ಬಾಲದ ಆ ಚಲನೆ ಕಂಡರೆ ಸಾಕು, ಇನ್ನು ಅವನು ಕೂರುವುದು ಖಂಡಿತ.

ದೋಸೆಯ ಚೂರೊಂದನ್ನು ಅವನ ಮೂಗಿನ ಮುಂದೆ ಹಿಡಿದು ಹಣೆಯ ಮೇಲಿಂದ ನಿಧಾನಕ್ಕೆ ಹಿಂದಕ್ಕೆ ಒಯ್ದರೆ ನಡೆಯುವುದೂ ಇದೇ. ಮೂಗು ಚೂರನ್ನು ಹಿಂಬಾಲಿಸುತ್ತದೆ, ಮಿಕ್ಕದ್ದನ್ನು ಬೆನ್ನುಮೂಳೆ ಮಾಡಿಕೊಳ್ಳುತ್ತದೆ. ಸೊಂಟ ಒತ್ತಿ ಕೂರಿಸುವ ರೂಢಿ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಒತ್ತಿದರೆ ಮರಿ ಕೈಗೆ ಎದುರಾಗಿ ಸೆಟೆಯುತ್ತದೆ. ಅದರ ಗಮನವೆಲ್ಲ ಬೆನ್ನ ಮೇಲಿನ ಕೈಯಲ್ಲೇ ನಿಂತುಬಿಡುತ್ತದೆ.

ಚೂರು ಬಾಯಿಗೆ ಸೇರುವ ಹೊತ್ತಿಗೆ ಕೆಂಚ ಎದ್ದಿರುತ್ತಾನೆ. ಆಗ ಅವನಿಗೆ ತಿಂಡಿ ಸಿಕ್ಕಿದ್ದು ಕೂತದ್ದಕ್ಕೋ ಎದ್ದದ್ದಕ್ಕೋ? 1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕು ನಾಯಿಗಳನ್ನು ಪೆಟ್ಟಿಗೆಗಳಲ್ಲಿಟ್ಟು ಅವು ಅಗುಳಿ ತೆಗೆದು ಹೊರಬರುವುದನ್ನು ಗಮನಿಸಿದರು. ಫಲ ಕೊಟ್ಟ ಚಲನೆ ಬೇರೂರುತ್ತದೆ, ಕೊಡದ್ದು ಉದುರಿಹೋಗುತ್ತದೆ ಎಂಬುದು ಅವರು ಕಂಡ ಸಂಗತಿ. ಹಾಗಾದರೆ ಫಲ ಬಂದದ್ದು ಯಾವ ಚಲನೆಗೆ ಎಂದು ಪ್ರಾಣಿಗೆ ಗೊತ್ತಾಗುವಂತೆ ಮಾಡಬೇಕು. 1951ರಲ್ಲಿ ಬಿ.ಎಫ್. ಸ್ಕಿನ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಇದಕ್ಕೊಂದು ದಾರಿ ಬರೆದರು: ಟಿಕ್ ಎನ್ನುವ ಪುಟ್ಟ ಆಟಿಕೆಯ ಸದ್ದನ್ನು ಮೊದಲು ತಿಂಡಿಯ ಜೊತೆ ಬೆಸೆಯಿರಿ, ಆಮೇಲೆ ಬೇಕಾದ ಚಲನೆ ಆದ ಕ್ಷಣಕ್ಕೆ ಸರಿಯಾಗಿ ಆ ಸದ್ದು ಮಾಡಿ. ನಾನು ಆಟಿಕೆ ಇಟ್ಟುಕೊಂಡಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ‘ಟಕ್’ ಅನ್ನಿಸುತ್ತೇನೆ. ಕುಂಡೆ ನೆಲ ಮುಟ್ಟಿತು, ಟಕ್. ಚೂರು ಆಮೇಲೆ ನಿಧಾನಕ್ಕೆ ಬಂದರೂ ಚಿಂತೆಯಿಲ್ಲ. ಕೂರುವುದು ಖಚಿತವಾದ ಮೇಲಷ್ಟೇ ‘ಕೂರು’ ಎಂಬ ಮಾತನ್ನು ಅದರ ಮುಂದೆ ಇಡುವುದು.

ಆ ಮಾತು ಅವನ ಕಿವಿಗೆ ಬಿದ್ದಿದೆಯೇ ಎಂದು ತಿಳಿಯಲು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ‘ಕೂರು’ ಎಂದೆ. ಕೆಂಚ ನಿಂತೇ ಇದ್ದ. ನನ್ನ ಮೊಣಕೈ ನೋಡಿದ, ಮುಖ ನೋಡಿದ. ಬಾಯಿ ಮುಚ್ಚಿಕೊಂಡು ಕೈ ಮಾತ್ರ ಎತ್ತಿದೆ, ಕೂತ. ಅವನು ಓದುತ್ತಿದ್ದದ್ದು ಕೈಯನ್ನು. ನಾಟಿ ನಾಯಿಗಳ ಈ ಗುಣವನ್ನು ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಅವರ ತಂಡ ಬೀದಿಗಿಳಿದು ಅಭ್ಯಾಸ ಮಾಡಿದೆ. ಯಾರ ಮನೆಯಲ್ಲೂ ಬೆಳೆಯದ, ಪಾಠವೆಂಬುದನ್ನೇ ಕಾಣದ ಬೀದಿನಾಯಿಗಳೂ ಮನುಷ್ಯ ಬೆರಳು ತೋರಿದ ಕಡೆಗೆ ಹೋಗಬಲ್ಲವು ಎಂದು 2020ರಲ್ಲಿ ಅವರು ಪ್ರಕಟಿಸಿದರು. ಹತ್ತಿರ ಬರಲು ಅಂಜಿದ ನಾಯಿಗಳೂ ಅಲ್ಲಿ ಬಹಳ ಇದ್ದವು. ‘ನಾಟಿ ನಾಯಿಗೆ ಬುದ್ಧಿ ಕಮ್ಮಿ, ಕಲಿಯಲ್ಲ’ ಎನ್ನುವವರು ಆ ಅಂಜಿಕೆಯನ್ನು ದಡ್ಡತನವೆಂದು ತಿಳಿದಿದ್ದಾರೆ. ‘ಹಚಾ’ ಎಂದು ಅಟ್ಟಿಸಿಕೊಂಡೇ ಬೆಳೆದ ಪ್ರಾಣಿ ಮನುಷ್ಯನ ಕೈಯನ್ನು ಅನುಮಾನದಿಂದ ನೋಡುವುದು ಬುದ್ಧಿವಂತಿಕೆಯೇ.

ಜಗಲಿಯಲ್ಲಿ ಕಲಿತದ್ದು ಅಂಗಳದಲ್ಲಿ ಇರುವುದಿಲ್ಲ. ಅಂಗಳದಲ್ಲಿ ಕೋಳಿಗಳಿವೆ, ಒಣಹಾಕಿದ ಅಡಿಕೆಯ ವಾಸನೆಯಿದೆ. ತೋಟದ ದರೆಯ ಮೇಲಂತೂ ರಾತ್ರಿ ಓಡಾಡಿದ ಎಲ್ಲ ಪ್ರಾಣಿಗಳ ಸುದ್ದಿ ನೆಲದಲ್ಲೇ ಇರುತ್ತದೆ. ಮಳೆ ಬಿದ್ದು ನೆಲ ನೆನೆದ ದಿನ ವಾಸನೆಗಳು ಇನ್ನೂ ಏಳುತ್ತವೆ. ಆಗ ನನ್ನ ದನಿಗೆ ಅವನ ಒಂದು ಕಿವಿ ಮಾತ್ರ ಹೊರಳುತ್ತದೆ, ಮೂಗು ಏಳುವುದಿಲ್ಲ. ಇದನ್ನು ಹಟ ಎಂದು ಬೈಯುವವರನ್ನು ಕಂಡರೆ ನನಗೆ ನೋವಾಗುತ್ತದೆ. ಹೊಸ ಜಾಗದಲ್ಲಿ ಪಾಠವನ್ನು ಮತ್ತೆ ಮೊದಲಿಂದ, ಹಣೆಯ ಮೇಲೆ ಒಯ್ಯುವ ಚೂರಿನಿಂದ ಶುರುಮಾಡಬೇಕು. ಎರಡನೆಯ ಸಲ ಬೇಗ ಬರುತ್ತದೆ.

ನಿದ್ದೆಯ ಹೊತ್ತಲ್ಲದಿದ್ದರೂ ಮರಿ ಆಕಳಿಸಿತು, ಬಾಯಲ್ಲಿ ಏನಿಲ್ಲದಿದ್ದರೂ ತುಟಿ ನೆಕ್ಕಿತು, ಮುಖ ಬೇರೆ ಕಡೆ ತಿರುಗಿಸಿತು ಎಂದರೆ ಅದಕ್ಕೆ ಇರಿಸುಮುರಿಸಾಗಿದೆ. ಅಲ್ಲಿಗೆ ನಿಲ್ಲಿಸಿಬಿಡುವುದು. ಡೆನ್ಮಾರ್ಕ್‌ನಲ್ಲಿ ಬೀಗಲ್ ನಾಯಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಒಂದೆರಡು ಸಲ ಪಾಠ ಹೇಳಿಸಿಕೊಂಡವು ದಿನವೂ ಹೇಳಿಸಿಕೊಂಡವುಗಳಿಗಿಂತ ಕಡಿಮೆ ಪಾಠಗಳಲ್ಲಿ ಕಲಿತವು. ಪಾಠದ ನಂತರದ ನಿದ್ದೆ ಕಲಿಕೆಯನ್ನು ಗಟ್ಟಿ ಮಾಡುತ್ತದೆಂದು ಹಂಗೇರಿಯ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ. ಕೆಂಚ ಪಾಠ ಮುಗಿಸಿ ಕಟ್ಟಿಗೆ ರಾಶಿಯ ಮಗ್ಗುಲಲ್ಲಿ ಮಲಗಿದಾಗ ಯಾರೂ ಎಬ್ಬಿಸಕೂಡದೆಂದು ಮನೆಯಲ್ಲಿ ಹೇಳಿಟ್ಟಿದ್ದೇನೆ.

ಆ ನಿದ್ದೆಯಿಂದ ಎದ್ದಾಗ ಅವನು ಮಾಡುವ ಒಂದು ಚಲನೆ ಬಹಳ ಚಂದ. ಮುಂಗಾಲೆರಡನ್ನೂ ಉದ್ದಕ್ಕೆ ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತಿ ಮೈಮುರಿಯುತ್ತಾನೆ. ಇನ್ನೊಂದು ಮರಿಯನ್ನು ಆಟಕ್ಕೆ ಕರೆಯುವಾಗಲೂ ಹೆಚ್ಚುಕಮ್ಮಿ ಇದೇ ಭಂಗಿ. ಆದರೆ ಆಗ ಕಣ್ಣು ಎದುರಿನವನ ಮೇಲೆ ನೆಟ್ಟಿರುತ್ತದೆ, ಬಾಯಿ ಸಡಿಲವಾಗಿ ತೆರೆದಿರುತ್ತದೆ, ಮರುಕ್ಷಣ ಪಕ್ಕಕ್ಕೆ ನೆಗೆಯುತ್ತಾನೆ. ಮೈಮುರಿಯುವಾಗ ಕಣ್ಣು ಅರ್ಧ ಮುಚ್ಚಿರುತ್ತದೆ, ಕಾಲುಗಳು ಬಿಗಿದು ನಡುಗುತ್ತವೆ. ಪಕ್ಕದ ಮನೆಯ ಹುಡುಗಿ ಶಾಲೆಯಿಂದ ಬಂದವಳು ಇದನ್ನೇ ಕಾದು ಕೂರತೊಡಗಿದಳು. ಎದೆ ನೆಲಕ್ಕೆ ತಾಗಿದ ಕ್ಷಣ ಅವಳ ‘ಟಕ್’, ಜೊತೆಗೊಂದು ಬಿಸ್ಕತ್ತಿನ ಚೂರು. ಅವಳ ಟಕ್ ನನ್ನದಕ್ಕಿಂತ ಚುರುಕು. ದಿನಗಳು ಹೋದಂತೆ ಕೆಂಚ ನಿದ್ದೆ ಇಲ್ಲದ ಹೊತ್ತಿನಲ್ಲೂ ಅವಳ ಮುಂದೆ ಬಂದು ಬಾಗಿ, ಅವಳ ಬಾಯನ್ನೇ ನೋಡತೊಡಗಿದ. ‘ಮಾವ, ಬೇಕಂತಲೇ ಮಾಡ್ತಿದಾನೆ, ನೋಡಿ!’ ಎಂದು ಓಡಿ ಬಂದಳು. ‘ಇನ್ನು ಹೆಸರು ಕೊಡು ಮಗಾ’ ಎಂದೆ. ಈಗ ಅವಳು ‘ನಮಸ್ಕಾರ’ ಎಂದರೆ ಅವನು ಬಾಗುತ್ತಾನೆ. ಆಗ ಕಾಲುಗಳಲ್ಲಿ ನಡುಕವಿಲ್ಲ, ಕಣ್ಣು ಪೂರ್ತಿ ತೆರೆದಿರುತ್ತದೆ. ಅದೇ ಭಂಗಿಯನ್ನು ಮೂರನೆಯದೊಂದು ಕೆಲಸಕ್ಕೆ ಅವನು ಬಳಸಿಕೊಂಡ.

ಮಲೆನಾಡಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾಠ ‘ಬಾ’. ಮುಚ್ಚಂಜೆಯ ಹೊತ್ತು ತೋಟದಂಚಿನಲ್ಲಿರುವ ನಾಯಿ ಚಿರತೆಗೆ ಸುಲಭದ ತುತ್ತು. ಈ ಸೀಮೆಯಲ್ಲಿ ಹಾಗೆ ನಾಯಿ ಕಳಕೊಳ್ಳದ ಊರೇ ಇಲ್ಲವೆನ್ನಬಹುದು. ಕರೆದಾಗ ನಾಯಿ ಬಾರದಿರುವುದಕ್ಕೆ ಕಾರಣ ಅನೇಕ ಮನೆಗಳಲ್ಲಿ ಕಣ್ಣೆದುರಿಗೇ ಇರುತ್ತದೆ. ಕರೆಯುವುದು ಸರಪಳಿ ಹಾಕಲು, ಇಲ್ಲವೇ ಗದರಲು. ಬಂದರೆ ಆಟ ಮುಗಿಯಿತು ಎಂದು ನಾಯಿ ಸರಿಯಾಗಿಯೇ ಕಲಿತಿರುತ್ತದೆ. ತಡವಾಗಿ ಬಂದ ನಾಯಿ ಕಿವಿ ಮಡಚಿ ಮೈ ಕುಗ್ಗಿಸಿದರೆ ‘ತಪ್ಪು ಗೊತ್ತಾಗಿದೆ ಅದಕ್ಕೆ’ ಎನ್ನುತ್ತಾರೆ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪರೀಕ್ಷಿಸಿ ತೋರಿಸಿದಂತೆ, ಆ ಮುಖ ನಾಯಿ ತಪ್ಪು ಮಾಡಿದೆಯೋ ಇಲ್ಲವೋ ಎಂಬುದನ್ನು ಅವಲಂಬಿಸಿರಲಿಲ್ಲ. ಯಜಮಾನ ಗದರಿದಾಗ ಹೆಚ್ಚು ಕಾಣಿಸುತ್ತಿತ್ತು. ಹಾಗಾಗಿ ಕೆಂಚ ಯಾವಾಗ ಬಂದರೂ, ಎಷ್ಟು ತಡವಾಗಿ ಬಂದರೂ, ‘ಬಾ’ ಎಂಬ ಕರೆಗೆ ಕೋಳಿ ಲಿವರಿನ ಚೂರೇ ಸಿಗುತ್ತದೆ, ಮತ್ತು ಹೆಚ್ಚಿನ ಸಲ ಮತ್ತೆ ಓಡಲು ಬಿಡುತ್ತೇವೆ. ಅಂಗಳದ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಹುಡುಗಿ, ಸರದಿಯಂತೆ ಕರೆಯುವುದು. ತೋಟದಲ್ಲಾದರೆ ಉದ್ದ ಹಗ್ಗ ಕಟ್ಟಿರುತ್ತೇವೆ, ಜಗ್ಗುವುದಿಲ್ಲ. ಕೋಳಿಯ ಹಿಂದೆ ಹೊರಟವನು ಕರೆ ಕೇಳಿ ನಡುದಾರಿಯಲ್ಲಿ ತಿರುಗುತ್ತಾನೆ. ಮಂಗನ ಹಿಂದೆ ಹೊರಟರೆ ಇನ್ನೂ ತಿರುಗುವುದಿಲ್ಲ.

ಮುಂಗಾರು ಶುರುವಾಗುವ ಮುಂಚೆ ‘ಬಿಡು’ ಬರಬೇಕು. ಮೊದಲ ಮಳೆಗೆ ಅಂಗಳಕ್ಕೆ ಬರುವ ಮೈಗಂಟಿನ ನೆಲಗಪ್ಪೆಯನ್ನು ಮರಿ ಕಚ್ಚಿದರೆ ಅದರ ಚರ್ಮದ ವಿಷಕ್ಕೆ ಬಾಯಲ್ಲಿ ನೊರೆ ಬರುತ್ತದೆ. ಈಗ ಮುಚ್ಚಿದ ಮುಷ್ಟಿಯಲ್ಲಿ ದೋಸೆ ಚೂರು ಹಿಡಿದು ಕೂರುತ್ತೇನೆ. ಅವನು ಮೂಸುತ್ತಾನೆ, ನೆಕ್ಕುತ್ತಾನೆ, ಉಗುರಿನಿಂದ ಕೆರೆಯುತ್ತಾನೆ. ಕೊನೆಗೆ ಮೂಗು ಹಿಂದಕ್ಕೆ ತೆಗೆದ ಕ್ಷಣ ‘ಟಕ್’, ಇನ್ನೊಂದು ಕೈಯಿಂದ ಲಿವರ್. ಮುಂದಿನ ವಾರ ಚೂರನ್ನು ನೆಲದ ಮೇಲೆ ಇಡಬೇಕು, ಆಮೇಲೆ ಅದು ಉರುಳಬೇಕು, ಕುಪ್ಪಳಿಸಬೇಕು. ಕುಪ್ಪಳಿಸುವಂತೆ ದಾರ ಕಟ್ಟಿ ಎಳೆಯುವ ಕೆಲಸವನ್ನು ಹುಡುಗಿ ಈಗಲೇ ವಹಿಸಿಕೊಂಡಿದ್ದಾಳೆ.